ಕಾಲಾಳು ಸೈನಿಕರ ರಕ್ಷಾಕವಚ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡು ತಡೆಯುವ ಜಾಕೆಟ್ ಬಗ್ಗೆ ಹೊರಗಿನವರು ಮೊದಲು ಕೇಳುವುದು "ಗುಂಡು ಒಳಗೆ ಹೋಗಲ್ವಾ?" ಅಂತ. ಅದನ್ನು ಹೊತ್ತು ನಡೆಯುವವರು ಮೊದಲು ಕೇಳುವುದು "ಎಷ್ಟು ಭಾರ?" ಅಂತ. ಕೆಳಗಿನ ಉತ್ತರಗಳಲ್ಲಿ ಈ ಎರಡನೇ ಪ್ರಶ್ನೆಯೇ ಮತ್ತೆ ಮತ್ತೆ ತಲೆ ಹಾಕುತ್ತದೆ. ಯಾಕೆ ಅಂತ ಓದುತ್ತಾ ಹೋದ ಹಾಗೆ ಗೊತ್ತಾಗುತ್ತದೆ.

ಬುಲೆಟ್‌ಪ್ರೂಫ್ ಜಾಕೆಟ್ ಹಾಕಿಕೊಂಡರೆ ಯಾವ ಗುಂಡೂ ಏನೂ ಮಾಡುವುದಿಲ್ಲ ಅಲ್ವಾ?

ಹಾಗೇನಿಲ್ಲ. ಎಲ್ಲ ಗುಂಡನ್ನೂ ತಡೆಯುವ ಜಾಕೆಟ್ ಎಲ್ಲೂ ಇಲ್ಲ. ಸೈನಿಕರು ತೊಡುವ ಕವಚದಲ್ಲಿ ಎರಡು ಭಾಗ. ಒಂದು, ವಿಶೇಷ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಮಾಡಿದ ಮೆತ್ತನೆಯ ಭಾಗ. ಇದು ಪಿಸ್ತೂಲಿನ ಗುಂಡನ್ನೂ, ಶೆಲ್ ಮತ್ತು ಗ್ರೆನೇಡ್ ಸಿಡಿದಾಗ ಹಾರುವ ಚೂರುಗಳನ್ನೂ ತಡೆಯುತ್ತದೆ. ಇನ್ನೊಂದು, ಎದೆ ಮತ್ತು ಬೆನ್ನಿನ ಜೇಬಿಗೆ ಇಳಿಸುವ ಗಟ್ಟಿ ಪ್ಲೇಟ್. ರೈಫಲ್ ಗುಂಡಿಗೆ ಈ ಪ್ಲೇಟೇ ಬೇಕು.

ಮಧ್ಯಮ ಅಳತೆಯ ಪ್ಲೇಟ್ ಸುಮಾರು 24 ಸೆಂ.ಮೀ. ಅಗಲ, 32 ಸೆಂ.ಮೀ. ಉದ್ದ ಇರುತ್ತದೆ. ಹೃದಯ, ಶ್ವಾಸಕೋಶ, ಅಲ್ಲಿನ ದೊಡ್ಡ ರಕ್ತನಾಳಗಳು ಅದರ ಹಿಂದೆ ಅಡಗುತ್ತವೆ. ಕಂಕುಳು, ಭುಜ, ಹೊಟ್ಟೆಯ ಕೆಳಭಾಗಕ್ಕೆ ಪ್ಲೇಟ್ ಇಲ್ಲ. ಅದು ಮರೆತು ಬಿಟ್ಟಿದ್ದಲ್ಲ, ಲೆಕ್ಕ ಹಾಕಿ ಬಿಟ್ಟ ಜಾಗ. ಗಾಯವಾದ ಕೆಲವೇ ನಿಮಿಷಗಳಲ್ಲಿ ಜೀವ ಹೋಗುವಂಥ ಜಾಗ ಮೊದಲು ಮುಚ್ಚಬೇಕು. ಉಳಿದ ಕಡೆ ಪೆಟ್ಟಾದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗಬಹುದು. ವಿನ್ಯಾಸ ಮಾಡುವವರು ಯೋಚಿಸುವುದು ಹೀಗೆ.

ಯುದ್ಧದಲ್ಲಿ ಎಲ್ಲರ ಹತ್ತಿರವೂ ರೈಫಲ್ ಇರುತ್ತದೆ. ಮತ್ತೆ ಮೆತ್ತನೆಯ ಕವಚ ಯಾಕೆ?

ಕಳೆದ ನೂರು ವರ್ಷಗಳ ದೊಡ್ಡ ಯುದ್ಧಗಳಲ್ಲಿ ಹೆಚ್ಚಿನ ಗಾಯಗಳು ಆಗಿರುವುದು ರೈಫಲ್ ಗುಂಡಿನಿಂದ ಅಲ್ಲ, ಸಿಡಿದ ಚೂರುಗಳಿಂದ. ಫಿರಂಗಿ, ಮಾರ್ಟರ್, ಗ್ರೆನೇಡ್, ನೆಲಬಾಂಬ್, ಈಗ ಡ್ರೋನ್. ಚೂರು ಎಲ್ಲಿಂದ ಬರುತ್ತದೆ ಅಂತ ಹೇಳಲಾಗದು. ಹಾಗಾಗಿ ಹೆಚ್ಚು ಜಾಗ ಮುಚ್ಚುವ, ಬಗ್ಗಿದರೆ ಬಗ್ಗುವ ಕವಚ ಬೇಕೇ ಬೇಕು. ಪ್ಲೇಟಿನಷ್ಟು ಸುದ್ದಿಯಾಗದಿದ್ದರೂ ಜೀವ ಉಳಿಸುವುದರಲ್ಲಿ ಅದರ ಪಾಲು ದೊಡ್ಡದು.

ಬಟ್ಟೆ ಗುಂಡನ್ನು ತಡೆಯುವುದು ಹೇಗೆ?

1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಟೈರಿಗೆ ಬಳಸಬಹುದಾದ ಹಗುರ, ಗಟ್ಟಿ ನೂಲು ಹುಡುಕುತ್ತಿದ್ದರು. ಒಂದು ದಿನ ಅವರ ಪಾಲಿಮರ್ ದ್ರಾವಣ ಮಬ್ಬಾಗಿ, ನೀರಿನಂತೆ ತೆಳ್ಳಗೆ ಬಂತು. ಸಾಮಾನ್ಯವಾಗಿ ಅಂಥದ್ದನ್ನು ಚೆಲ್ಲಿಬಿಡುತ್ತಾರೆ. ನೂಲು ತೆಗೆಯುವ ಯಂತ್ರ ನೋಡಿಕೊಳ್ಳುವವರಿಗೆ ಅದನ್ನು ಯಂತ್ರಕ್ಕೆ ಹಾಕಲು ಮನಸ್ಸಿರಲಿಲ್ಲ, ತೂತುಗಳು ಕಟ್ಟಿಕೊಂಡಾವು ಅನ್ನುವ ಭಯ. ಕ್ವೊಲೆಕ್ ಹಟ ಹಿಡಿದು ಹಾಕಿಸಿದರು. ಹೊರಬಂದ ನೂಲು ಎಳೆದರೂ ಹರಿಯಲಿಲ್ಲ. ಅದೇ ಮುಂದೆ ಕೆವ್ಲಾರ್ ಆಯಿತು. ಒಂದೇ ತೂಕದ ಉಕ್ಕಿಗೆ ಹೋಲಿಸಿದರೆ ಎಳೆತ ತಡೆಯುವ ಶಕ್ತಿ ಸುಮಾರು 5 ಪಟ್ಟು.

ಗೋಲಿನ ಬಲೆಗೆ ಚೆಂಡು ಬಿದ್ದಾಗ ಬಲೆಯೆಲ್ಲ ಹಿಂದಕ್ಕೆ ಎಳೆದುಕೊಂಡು ಚೆಂಡಿನ ವೇಗ ತಿನ್ನುತ್ತದೆ. ಕೆವ್ಲಾರ್ ಪದರಗಳೂ ಹಾಗೇ ಮಾಡುತ್ತವೆ. ಗುಂಡು ತಾಗಿದ ಎಳೆ ಪಕ್ಕದ ಎಳೆಯನ್ನು ಎಳೆಯುತ್ತದೆ, ಅದು ಇನ್ನೊಂದನ್ನು. ಪೆಟ್ಟು ಅಗಲವಾಗಿ ಹಂಚಿಹೋಗುತ್ತದೆ. ಅಷ್ಟರಲ್ಲಿ ಸೀಸದ ಗುಂಡಿನ ತಲೆ ಅಣಬೆಯಾಕಾರಕ್ಕೆ ಚಪ್ಪಟೆಯಾಗಿ, ಒಂದೊಂದೇ ಪದರ ದಾಟುವುದು ಅದಕ್ಕೆ ಇನ್ನೂ ಕಷ್ಟವಾಗುತ್ತದೆ. ರೈಫಲ್ ಗುಂಡಿನ ಮುಂದೆ ಈ ಆಟ ನಡೆಯುವುದಿಲ್ಲ. ಅದರ ಮೂತಿ ಚೂಪು, ವೇಗ ಎರಡು ಪಟ್ಟಿಗಿಂತ ಜಾಸ್ತಿ. ಎಳೆಗಳು ಎಳೆದುಕೊಳ್ಳುವ ಮುಂಚೆಯೇ ಹರಿದುಹೋಗುತ್ತವೆ.

ಕೆವ್ಲಾರ್ ಬಳಿಕ ಬಂದದ್ದು ಪಾಲಿಥೀನ್ ನೂಲು. ಡೈನೀಮಾ, ಸ್ಪೆಕ್ಟ್ರಾ ಅನ್ನುವ ಹೆಸರುಗಳನ್ನು ಕೇಳಿರಬಹುದು. ಹೌದು, ಕವರ್ ಮಾಡುವ ಪಾಲಿಥೀನಿನ ಜಾತಿಯದ್ದೇ. ಆದರೆ ಇದರ ಅಣುಸರಪಳಿಗಳು ತುಂಬಾ ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರಿನ ಸಾಂದ್ರತೆ 1 ಅಂದರೆ ಇದರದ್ದು 0.97, ನೀರಿನ ಮೇಲೆ ತೇಲುತ್ತದೆ. ಕೆವ್ಲಾರ್ 1.44. ಬಿಸಿಗೆ ಮಾತ್ರ ಇದು ದುರ್ಬಲ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಹಾಗಾಗಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಇಂಥ ಕವಚ ಇಡಬೇಡಿ ಅನ್ನುತ್ತಾರೆ. ಅಲ್ಲೇನೂ ಅದು ಕರಗುವುದಿಲ್ಲ. ಕಾವು ಪದೇ ಪದೇ ತಾಗಿದರೆ ನೂಲಿನ ಬಿಗಿ ಕಡಿಮೆಯಾಗುತ್ತದೆ ಅನ್ನುವುದೇ ಚಿಂತೆ.

ಸೆರಾಮಿಕ್ ಪ್ಲೇಟ್ ಅಂದರೆ ಪಿಂಗಾಣಿಯಾ? ಬಿದ್ದರೆ ಒಡೆಯಲ್ವಾ?

ಒಡೆಯುತ್ತದೆ. ಒಡೆಯುವುದೇ ಅದರ ಕೆಲಸ. ಗುಂಡು ತಾಗಿದ ಕ್ಷಣದಲ್ಲಿ ಸೆರಾಮಿಕ್ ಗುಂಡಿಗಿಂತ ಗಟ್ಟಿಯಾಗಿರುತ್ತದೆ, ಮೂತಿ ಜಜ್ಜಿಹೋಗುತ್ತದೆ ಅಥವಾ ಗುಂಡು ಚೂರಾಗುತ್ತದೆ. ಅದೇ ಹೊತ್ತಿಗೆ ಸೆರಾಮಿಕ್ ತಾನೂ ಶಂಕುವಿನ ಆಕಾರದಲ್ಲಿ ಬಿರುಕು ಬಿಟ್ಟು ಪೆಟ್ಟನ್ನು ಹಿಂದೆ ಅಗಲಕ್ಕೆ ಹರಡುತ್ತದೆ. ಹಿಂದೆ ಅಂಟಿಸಿದ ಕೆವ್ಲಾರ್ ಅಥವಾ ಪಾಲಿಥೀನ್ ಹಲಗೆ ಗುಂಡಿನ ಚೂರು, ಸೆರಾಮಿಕ್ ಪುಡಿ ಎರಡನ್ನೂ ಹಿಡಿದುಕೊಳ್ಳುತ್ತದೆ.

ಬಳಸುವುದು ಮುಖ್ಯವಾಗಿ ಮೂರು ಬಗೆ. ಅಲ್ಯುಮಿನಿಯಂ ಆಕ್ಸೈಡ್ ಅಗ್ಗ, ಸಾಂದ್ರತೆ ಸುಮಾರು 3.9. ಸಿಲಿಕಾನ್ ಕಾರ್ಬೈಡ್ 3.2. ಬೋರಾನ್ ಕಾರ್ಬೈಡ್ 2.5, ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ದುಬಾರಿ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಸಿಬ್ಬಂದಿ 1960ರ ದಶಕದಲ್ಲೇ ಸೆರಾಮಿಕ್ ಎದೆಕವಚ ತೊಡುತ್ತಿದ್ದರು. ಕುಳಿತು ಕೆಲಸ ಮಾಡುವವರಿಗೆ ಆ ಭಾರ ನಡೆಯುತ್ತಿತ್ತು. ನಡೆಯುವ ಕಾಲಾಳುವಿಗೆ ಹೊಂದುವ ಹಾಗೆ ಅದನ್ನು ಇಳಿಸಿ, ದೊಡ್ಡ ಪ್ರಮಾಣದಲ್ಲಿ ಕೊಡಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ಒಂದು ತೊಂದರೆ ಇದೆ. ಗುಂಡು ತಾಗಿದ ಜಾಗದ ಸುತ್ತ ಸೆರಾಮಿಕ್ ಪುಡಿಯಾಗಿರುತ್ತದೆ. ಎರಡನೇ ಗುಂಡು ಸರಿಯಾಗಿ ಅಲ್ಲೇ ಬಿದ್ದರೆ ತಡೆಯುವುದು ಕಷ್ಟ.

ಹಾಗಿದ್ದರೆ ಉಕ್ಕಿನ ಪ್ಲೇಟೇ ಒಳ್ಳೆಯದಲ್ವಾ? ಬಾಳಿಕೆಯೂ ಬರುತ್ತದೆ.

ಲೆಕ್ಕ ಹಾಕಿ ನೋಡಿ. 24×32 ಸೆಂ.ಮೀ. ಅಳತೆಯ, ಬರೀ 6 ಮಿ.ಮೀ. ದಪ್ಪದ ಉಕ್ಕಿನ ಹಲಗೆ 3.6 ಕೆಜಿ ತೂಗುತ್ತದೆ. ಮುಂದೊಂದು, ಹಿಂದೊಂದು ಅಂದರೆ 7 ಕೆಜಿ ದಾಟಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಉಕ್ಕಿಗೆ ತಾಗಿದ ಗುಂಡು ಸಿಡಿದು ಅದರ ಚೂರುಗಳು ಪ್ಲೇಟಿನ ಮೇಲ್ಮೈಗುಂಟ ಹಾರುತ್ತವೆ, ಗಲ್ಲಕ್ಕೆ, ಕುತ್ತಿಗೆಗೆ, ತೋಳಿಗೆ. ಮೇಲೆ ದಪ್ಪ ಲೇಪನ ಕೊಟ್ಟು ಇದನ್ನು ಕಡಿಮೆ ಮಾಡುತ್ತಾರೆ. ಲೇಪನ ಕೊಟ್ಟರೆ ಮತ್ತೆ ತೂಕ. ಶೂಟಿಂಗ್ ಅಭ್ಯಾಸಕ್ಕೆ ಗುರಿಹಲಗೆ ಮಾಡಲು ಉಕ್ಕು ಬೆಸ್ಟ್, ಮೈಮೇಲೆ ಹಾಕಿಕೊಳ್ಳಲು ಅಲ್ಲ.

ಇದೆಲ್ಲ ಶುರುವಾಗಿದ್ದು ಯಾವಾಗ?

ಬಂದೂಕು ಬಂದ ಮೇಲೆ ಲೋಹದ ಕವಚ ಹಿಂದೆ ಸರಿಯಿತು. ಮತ್ತೆ ತಲೆ ಎತ್ತಿದ್ದು ಮೊದಲ ಮಹಾಯುದ್ಧದಲ್ಲಿ. 1914ರಲ್ಲಿ ಸೈನಿಕರು ಬಟ್ಟೆಯ ಅಥವಾ ಚರ್ಮದ ಟೋಪಿ ಹಾಕಿಕೊಂಡು ಕಂದಕಕ್ಕೆ ಇಳಿದರು. ಮೇಲಿಂದ ಶೆಲ್ ಚೂರುಗಳ ಮಳೆ. 1915ರಲ್ಲಿ ಫ್ರಾನ್ಸ್ ಏಡ್ರಿಯನ್ ಹೆಲ್ಮೆಟ್ ತಂದಿತು, ಅದೇ ವರ್ಷ ಬ್ರಿಟನ್ ಬ್ರೋಡಿ ಹೆಲ್ಮೆಟ್, 1916ರಲ್ಲಿ ಜರ್ಮನಿ ಕಿವಿ, ಕತ್ತು ಮುಚ್ಚುವ ಉಕ್ಕಿನ ಹೆಲ್ಮೆಟ್.

ಎರಡನೇ ಮಹಾಯುದ್ಧದಲ್ಲಿ ಎದೆಕವಚ ಮೊದಲು ದಕ್ಕಿದ್ದು ಬಾಂಬರ್ ವಿಮಾನದವರಿಗೆ. ಅಮೆರಿಕದ ವಾಯುಪಡೆ ವೈದ್ಯ ಮಾಲ್ಕಮ್ ಗ್ರೋ ಗಾಯಗಳ ಲೆಕ್ಕ ನೋಡಿ, ಚೂರು ತಡೆದರೆ ಎಷ್ಟೋ ಜನ ಬದುಕುತ್ತಾರೆ ಅಂತ ಕಂಡುಕೊಂಡರು. ಅವರು ಹೇಳಿದ ಹಾಗೆ ಉಕ್ಕಿನ ಸಣ್ಣ ತುಂಡುಗಳನ್ನು ಬಟ್ಟೆಗೆ ಹೊಲಿದು ಕೊಟ್ಟದ್ದು ಕತ್ತಿ ಮಾಡುವುದಕ್ಕೆ ಹೆಸರಾದ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ. ಸೋವಿಯತ್ ಸೇನೆ ಮಾತ್ರ ನೆಲದ ಮೇಲಿನ ಆಕ್ರಮಣ ಪಡೆಗೆ ಎಸ್‌ಎನ್-42 ಅನ್ನುವ 2 ಮಿ.ಮೀ. ಉಕ್ಕಿನ ಎದೆಹಲಗೆ ಕೊಟ್ಟಿತ್ತು, ತೂಕ ಸುಮಾರು 3.5 ಕೆಜಿ. ಬೀದಿ ಕಾಳಗಕ್ಕೆ ಸರಿ, ಬಯಲಲ್ಲಿ ತೆವಳುವಾಗ ಕಾಟ.

ಕೊರಿಯಾ ಯುದ್ಧದಲ್ಲಿ ಫೈಬರ್‌ಗ್ಲಾಸ್ ಮತ್ತು ನೈಲಾನ್ ಜಾಕೆಟ್ ಬಂತು, ವಿಯೆಟ್ನಾಂನಲ್ಲಿ ಅದರ ಸುಧಾರಿಸಿದ ರೂಪ. ಇವೆಲ್ಲ ಚೂರು ತಡೆಯಲು ಮಾಡಿದವು. ಕೆವ್ಲಾರ್ ಜಾಕೆಟ್ ಮತ್ತು ಕೆವ್ಲಾರ್ ಹೆಲ್ಮೆಟ್ ಅಮೆರಿಕದ ಕಾಲಾಳುವಿಗೆ ಸಿಕ್ಕಿದ್ದು 1980ರ ದಶಕದಲ್ಲಿ. ರೈಫಲ್ ಗುಂಡು ತಡೆಯುವ ಪ್ಲೇಟ್ ಜೊತೆಗಿನ ಇಂಟರ್‌ಸೆಪ್ಟರ್ ಕವಚ ಬಂದದ್ದು 1990ರ ದಶಕದ ಕೊನೆಗೆ. ಅಂದರೆ ರೈಫಲ್ ಎದುರು ನಿಲ್ಲುವ ಕವಚ ಸಾಮಾನ್ಯ ಸೈನಿಕನ ಮೈಮೇಲೆ ಬಂದು ಇನ್ನೂ ಒಂದು ತಲೆಮಾರು ಅಷ್ಟೆ.

ಹೆಲ್ಮೆಟ್ ರೈಫಲ್ ಗುಂಡು ತಡೆಯುತ್ತದಾ?

ಅದು ಮಾಡಿರುವುದು ಚೂರು ಮತ್ತು ಪಿಸ್ತೂಲಿನ ಗುಂಡಿಗೆ. ಈಚಿನ ಪಾಲಿಥೀನ್ ಹೆಲ್ಮೆಟ್‌ಗಳು ಕೆಲವು ರೈಫಲ್ ಗುಂಡುಗಳನ್ನೂ ತಡೆದಿವೆ. ಓರೆಯಾಗಿ ತಾಗಿ ಜಾರಿದ, ದೂರದಿಂದ ವೇಗ ಕಳೆದುಕೊಂಡು ಬಂದ ಗುಂಡಿನಿಂದ ಹೆಲ್ಮೆಟ್ ಉಳಿಸಿದ ಉದಾಹರಣೆಗಳೂ ಇವೆ. ಆದರೆ ಅದನ್ನು ನಂಬಿ ತಲೆ ಎತ್ತಬಾರದು.

ತಲೆಯಲ್ಲಿ ಇನ್ನೊಂದು ಕಷ್ಟ ಇದೆ. ಎದೆಯ ಕವಚ ಒಳಕ್ಕೆ ಉಬ್ಬಿದರೆ ಪಕ್ಕೆಲುಬು ಒಂದಷ್ಟು ತಡೆದುಕೊಳ್ಳುತ್ತದೆ. ಹೆಲ್ಮೆಟ್ ಒಳಕ್ಕೆ ಉಬ್ಬಿದರೆ ನೇರ ಬುರುಡೆಗೇ ಬಡಿಯುತ್ತದೆ. ಅದಕ್ಕೇ ಅಮೆರಿಕದ ಸೇನೆಯ ಎಸಿಎಚ್ (ಅಡ್ವಾನ್ಸ್ಡ್ ಕಾಂಬ್ಯಾಟ್ ಹೆಲ್ಮೆಟ್) ಅನ್ನುವ ಹೆಲ್ಮೆಟ್ಟಿಗೆ ಮುಂದೆ, ಹಿಂದೆ 25.4 ಮಿ.ಮೀ., ಬದಿಗಳಲ್ಲಿ ಮತ್ತು ನೆತ್ತಿಯಲ್ಲಿ 16 ಮಿ.ಮೀ.ಗಿಂತ ಜಾಸ್ತಿ ಉಬ್ಬಬಾರದು ಅಂತ ಪರೀಕ್ಷೆಯ ನಿಯಮ ಇಟ್ಟರು. ಒಳಗಿನ ಮೆತ್ತೆಗಳು ಸುಮ್ನೆ ಆರಾಮಕ್ಕೆ ಇಟ್ಟದ್ದಲ್ಲ. ಆ ಸಂದು ಉಳಿಸುವುದು ಅವೇ.

ಈಗಿನ ಹೆಲ್ಮೆಟ್‌ಗಳಲ್ಲಿ ಕಿವಿಯ ಹತ್ತಿರ ಕತ್ತರಿಸಿರುತ್ತಾರಲ್ಲ, ಯಾಕೆ?

ರೇಡಿಯೋ ಹೆಡ್‌ಸೆಟ್ ಕೂರಿಸಲು. ಸ್ವಲ್ಪ ರಕ್ಷಣೆ ಕಡಿಮೆಯಾಗುತ್ತದೆ, ತೂಕವೂ ಕಡಿಮೆಯಾಗುತ್ತದೆ. ಈಗ ಹೆಲ್ಮೆಟ್ ಅಂದರೆ ಸಲಕರಣೆ ತೂಗುಹಾಕುವ ಗೂಟವೂ ಹೌದು: ಮುಂದೆ ರಾತ್ರಿ ನೋಡುವ ಕನ್ನಡಕ, ಬದಿಯಲ್ಲಿ ದೀಪ, ಮುಂದಿನ ಭಾರ ಸರಿತೂಗಿಸಲು ಹಿಂದೆ ಬ್ಯಾಟರಿ. ಖಾಲಿ ಹೆಲ್ಮೆಟ್ ಒಂದೂವರೆ ಕೆಜಿ ಅಂದರೂ ಎಲ್ಲ ಸೇರಿ ಎರಡು ದಾಟುತ್ತದೆ. ಗಂಟೆಗಟ್ಟಲೆ ಹೊತ್ತರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಸ್ಫೋಟದ ಗಾಳಿಯಲೆಯಿಂದ ಹೆಲ್ಮೆಟ್ ಕಾಪಾಡುತ್ತದಾ?

ಇಲ್ಲಿ ವಿಜ್ಞಾನ ಇನ್ನೂ ದಾರಿ ಹುಡುಕುತ್ತಿದೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಮೊದಲ ಮಹಾಯುದ್ಧದ ಹೆಲ್ಮೆಟ್‌ಗಳನ್ನೂ ಈಗಿನ ಒಂದು ಹೆಲ್ಮೆಟ್ಟನ್ನೂ ಗೊಂಬೆತಲೆಗೆ ತೊಡಿಸಿ, ಮೇಲಿಂದ ಆಘಾತದ ಅಲೆ ಬಿಟ್ಟು ನೋಡಿದರು. ನೆತ್ತಿಯ ಮೇಲೆ ಬೀಳುವ ಅಲೆಯ ಮಟ್ಟಿಗೆ ನೂರು ವರ್ಷ ಹಳೆಯ ಏಡ್ರಿಯನ್ ಹೆಲ್ಮೆಟ್ ಈಗಿನದ್ದಕ್ಕೆ ಏನೂ ಕಡಿಮೆ ಇರಲಿಲ್ಲ. ಅದರ ನೆತ್ತಿಯ ಮೇಲಿನ ಏಣು ಅಲೆಯನ್ನು ಬದಿಗೆ ತಿರುಗಿಸಿರಬಹುದು ಅನ್ನುವುದು ಅವರ ಊಹೆ. ಹಾಗಂತ ಹಳೆಯದಕ್ಕೆ ಮರಳಿ ಅಂತ ಅಲ್ಲ, ಚೂರು ತಡೆಯುವುದರಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಚೂರಿಗೆ ಮಾಡಿದ ಹೆಲ್ಮೆಟ್ ಅಲೆಗೂ ತಾನಾಗಿ ಒದಗುತ್ತದೆ ಅಂತ ಭಾವಿಸಬಾರದು ಅನ್ನುವುದಷ್ಟೇ ಇದರಿಂದ ಕಲಿಯಬೇಕಾದ್ದು.

ಪ್ಲೇಟ್ ಗುಂಡು ತಡೆದರೆ ಒಳಗಿನವನಿಗೆ ಏನೂ ಆಗುವುದಿಲ್ಲವಾ?

ಆಗುತ್ತದೆ. ಕವಚದ ಹಿಂಬದಿ ಒಳಕ್ಕೆ ಉಬ್ಬುತ್ತದೆ. ಕಂದಿದ ಗಾಯ ಸಾಮಾನ್ಯ, ಪಕ್ಕೆಲುಬು ಮುರಿಯುವುದೂ ಉಂಟು. ಪರೀಕ್ಷೆಯಲ್ಲಿ ಕವಚದ ಹಿಂದೆ ವಿಶೇಷ ಜೇಡಿಮಣ್ಣಿನ ದಿಮ್ಮಿ ಇಡುತ್ತಾರೆ. ಗುಂಡು ಹೊಡೆದ ಮೇಲೆ ಮಣ್ಣಿನಲ್ಲಿ ಆದ ಗುಳಿ 44 ಮಿ.ಮೀ.ಗಿಂತ ಆಳ ಇದ್ದರೆ, ಗುಂಡು ಒಳಗೆ ಬರದಿದ್ದರೂ ಕವಚ ಫೇಲ್. ಈ 44 ಅನ್ನುವ ಸಂಖ್ಯೆಯ ಬೇರು 1970ರ ದಶಕದಲ್ಲಿ ಅಮೆರಿಕದಲ್ಲಿ ಆಡುಗಳ ಮೇಲೆ ಪಿಸ್ತೂಲಿನ ಗುಂಡಿನಿಂದ ಮಾಡಿದ ಪ್ರಯೋಗಗಳಲ್ಲಿದೆ. ರೈಫಲ್ ಪ್ಲೇಟಿಗೂ, ಎಲ್ಲ ಮೈಕಟ್ಟಿನವರಿಗೂ ಅದೇ ಅಳತೆ ಸರಿಯೇ ಅಂತ ತಜ್ಞರು ಇವತ್ತಿಗೂ ಜಗಳ ಆಡುತ್ತಾರೆ. ಬೇರೆ ಒಳ್ಳೆಯ ಅಳತೆ ಸಿಗುವ ತನಕ ಇದೇ ನಡೆಯುತ್ತಿದೆ.

ಲೆವೆಲ್ 3, ಲೆವೆಲ್ 4 ಅಂತಾರಲ್ಲ, ಏನದು?

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ ಪೊಲೀಸರಿಗಾಗಿ ಮಾಡಿದ ದರ್ಜೆಗಳು. ಲೆವೆಲ್ 3 ಅಂದರೆ ಸೆಕೆಂಡಿಗೆ 847 ಮೀ. ವೇಗದ 7.62 ಮಿ.ಮೀ. ರೈಫಲ್ ಗುಂಡು ತಡೆಯಬೇಕು. ಲೆವೆಲ್ 4 ಅಂದರೆ ಗಟ್ಟಿ ಉಕ್ಕಿನ ತಿರುಳಿನ, ಸೆಕೆಂಡಿಗೆ 878 ಮೀ. ವೇಗದ ಕವಚಭೇದಕ ಗುಂಡು. 2023ರ ಹೊಸ ನಿಯಮದಲ್ಲಿ ಹೆಸರುಗಳು ಬದಲಾದವು: ಪಿಸ್ತೂಲಿಗೆ ಎಚ್‌ಜಿ1, ಎಚ್‌ಜಿ2, ರೈಫಲ್‌ಗೆ ಆರ್‌ಎಫ್1, ಆರ್‌ಎಫ್2, ಆರ್‌ಎಫ್3.

ಆರ್‌ಎಫ್2 ಸೇರಿಸಿದ್ದಕ್ಕೆ ಕಾರಣ ಇದೆ. ಹಳೆಯ ಲೆವೆಲ್ 3ಕ್ಕೆ ಪಾಸಾದ ಬರೀ ಪಾಲಿಥೀನ್ ಪ್ಲೇಟ್ ದೊಡ್ಡ 7.62 ಗುಂಡನ್ನು ತಡೆಯುತ್ತಿತ್ತು, ಆದರೆ ಉಕ್ಕಿನ ಮೊನೆಯ ಚಿಕ್ಕ 5.56 ಗುಂಡು ಅದನ್ನು ದಾಟಿಬಿಡುತ್ತಿತ್ತು. ಅಂದರೆ ದರ್ಜೆಯ ಸಂಖ್ಯೆ ನೋಡಿದರೆ ಸಾಲದು, ಯಾವ ಗುಂಡಿನಿಂದ ಪರೀಕ್ಷೆ ಮಾಡಿದ್ದಾರೆ ಅಂತ ನೋಡಬೇಕು. ಸೇನೆಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ರಷ್ಯಾಕ್ಕೆ ತನ್ನದೇ ದರ್ಜೆಗಳಿವೆ, ಭಾರತಕ್ಕೆ ಐಎಸ್ 17051 ಅನ್ನುವ ಮಾನದಂಡ ಇದೆ. ಒಂದರ ಲೆವೆಲ್ 4ನ್ನು ಇನ್ನೊಂದರ 4ರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಮೈಪೂರ್ತಿ ಮುಚ್ಚುವ ಕವಚ ಯಾಕೆ ಕೊಡುವುದಿಲ್ಲ?

ಕೊಟ್ಟು ನೋಡಿದ್ದಾರೆ. ಇಂಟರ್‌ಸೆಪ್ಟರ್ ಕವಚ ಎರಡು ಪ್ಲೇಟ್ ಸೇರಿ ಸುಮಾರು 7.4 ಕೆಜಿ ಇತ್ತು. ಇರಾಕ್ ಯುದ್ಧ ಮುಂದುವರಿದ ಹಾಗೆ ಒಂದೊಂದೇ ಸೇರುತ್ತಾ ಹೋಯಿತು. ಬದಿಯಿಂದ, ಭುಜದಿಂದ ಒಳಹೊಕ್ಕ ಗಾಯಗಳಿಂದ ಸತ್ತವರಲ್ಲಿ ಹಲವರು ಇನ್ನಷ್ಟು ಕವಚ ಇದ್ದಿದ್ದರೆ ಉಳಿಯುತ್ತಿದ್ದರು ಅನ್ನುವ ಸೇನಾ ಅಧ್ಯಯನ 2006ರಲ್ಲಿ ಸುದ್ದಿಯಾಗಿ ದೊಡ್ಡ ಗಲಾಟೆ ಆಯಿತು. ಪಕ್ಕೆಗೆ ಪ್ಲೇಟ್, ಭುಜಕ್ಕೆ ಕವಚ, ಕುತ್ತಿಗೆಗೆ ಪಟ್ಟಿ, ತೊಡೆಸಂದಿಗೆ ಮರೆ. ಪ್ಲೇಟೂ ದಪ್ಪವಾಯಿತು, ಮಧ್ಯಮ ಅಳತೆಯದ್ದು 1.8ರಿಂದ ಸುಮಾರು 2.5 ಕೆಜಿಗೆ ಏರಿತು. 2007ರ ಹೊತ್ತಿಗೆ ಬಂದ ಹೊಸ ಜಾಕೆಟ್ ಎಲ್ಲ ಸೇರಿ 14 ಕೆಜಿ ಆಸುಪಾಸು ಇತ್ತು.

ಇದು ಕವಚದ ಲೆಕ್ಕ ಮಾತ್ರ. ಇದರ ಮೇಲೆ ಗುಂಡು, ನೀರು, ರೇಡಿಯೋ, ಬ್ಯಾಟರಿ. 2003ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಕಾಲಾಳುಗಳನ್ನು ತೂಕ ಹಾಕಿ ನೋಡಿದಾಗ ಕಾಳಗಕ್ಕೆ ಇಳಿಯುವಾಗಿನ ಹೊರೆ ಸರಾಸರಿ 28 ಕೆಜಿ ದಾಟಿತ್ತು. ಚೀಲ ಹೊತ್ತು ನಡೆಯುವಾಗ ಸುಮಾರು 46.

ಈಗ ಬೆಟ್ಟ ಹತ್ತಿ. ಎದುರಾಳಿ ಬರಿಮೈಯಲ್ಲಿ ಓಡುತ್ತಿದ್ದಾನೆ. ಒಂದು ಮರೆಯಿಂದ ಇನ್ನೊಂದು ಮರೆಗೆ ಓಡಲು ಎರಡು ಸೆಕೆಂಡ್ ಜಾಸ್ತಿ ಹಿಡಿದರೆ, ಆ ಎರಡು ಸೆಕೆಂಡ್ ನೀವು ಗುರಿಯಾಗಿ ನಿಂತ ಹಾಗೆ. ಆಯಾಸವಾದವನ ಕಣ್ಣು, ಕೈ, ಬುದ್ಧಿ ಎಲ್ಲ ನಿಧಾನ. ಮಂಡಿ ಮತ್ತು ಬೆನ್ನು ನೋವು ಸೇನೆ ಬಿಟ್ಟ ಮೇಲೂ ಬಿಡುವುದಿಲ್ಲ. ಹಾಗಾಗಿ 2009ರ ಹೊತ್ತಿಗೆ ಅಫ್ಘಾನ್ ಬೆಟ್ಟಗಳಿಗೆ ಅಂತಲೇ ಬರೀ ಪ್ಲೇಟ್ ಹೊರುವ ಚಿಕ್ಕ ಜಾಕೆಟ್ ಕೊಡಲು ಶುರುಮಾಡಿದರು. ಸೇರಿಸಿದ್ದನ್ನು ತೆಗೆಯುವ ಕೆಲಸ ಆಗ ಆರಂಭವಾಯಿತು.

ಈಗಿನ ವಿನ್ಯಾಸಗಳೆಲ್ಲ ಬಿಡಿಭಾಗಗಳ ಜೋಡಣೆ. ಗಾಡಿಯಲ್ಲಿ ಕೂತು ಹೋಗುವ ದಿನ ಎಲ್ಲ ಹಾಕಿಕೊಳ್ಳಿ, ಬೆಟ್ಟ ಹತ್ತುವ ದಿನ ಪ್ಲೇಟ್ ಮಾತ್ರ. ನನ್ನ ಪ್ರಕಾರ ಕಳೆದ ಇಪ್ಪತ್ತು ವರ್ಷಗಳ ನಿಜವಾದ ಸುಧಾರಣೆ ಇದೇ, ಯಾವ ಹೊಸ ನೂಲಿಗಿಂತಲೂ. ಒಂದು ಷರತ್ತಿದೆ. ಏನು ತೆಗೆಯಬೇಕು ಅನ್ನುವ ತೀರ್ಮಾನ ಸ್ಥಳದಲ್ಲಿರುವ ತುಕಡಿಯ ನಾಯಕನ ಕೈಯಲ್ಲಿರಬೇಕು. ದೂರದ ಕಚೇರಿಯಲ್ಲಿ ಕೂತವರು "ಎಲ್ಲವೂ ಕಡ್ಡಾಯ" ಅಂದುಬಿಟ್ಟರೆ ಬಿಡಿಭಾಗ ಇದ್ದೂ ಪ್ರಯೋಜನವಿಲ್ಲ. ಕವಚವಿಲ್ಲದೆ ಒಬ್ಬ ಸತ್ತರೆ ಕಚೇರಿಗೆ ಪ್ರಶ್ನೆ ಬರುತ್ತದೆ. ಭಾರದಿಂದ ಓಟ ನಿಧಾನವಾಗಿ ಒಬ್ಬ ಸತ್ತರೆ ಯಾರೂ ಕೇಳುವುದಿಲ್ಲ.

ಸೆಕೆಯಲ್ಲಿ ಇದನ್ನು ಹಾಕಿಕೊಂಡು ಹೇಗಿರುತ್ತಾರೆ?

ಕಷ್ಟಪಟ್ಟು. ಮೈಯ ಅತಿ ದೊಡ್ಡ ಭಾಗಕ್ಕೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ. ಅಮೆರಿಕದ ಸೇನೆಯ ಮಾರ್ಗಸೂಚಿ ಪ್ರಕಾರ ಕವಚ ತೊಟ್ಟವರಿಗೆ ಸೆಕೆಯ ಅಳತೆಗೆ 5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2.8 ಡಿಗ್ರಿ ಸೆಲ್ಸಿಯಸ್ ಸೇರಿಸಿ ಲೆಕ್ಕ ಹಾಕಬೇಕು. ಒಳಗೆ ಬೆವರು ಹೀರುವ ತೆಳು ಅಂಗಿ, ಕವಚಕ್ಕೂ ಮೈಗೂ ನಡುವೆ ಸಂದು ಬಿಡುವ ಜಾಲರಿ ಮೆತ್ತೆ ಒಂದಷ್ಟು ಸಹಾಯ ಮಾಡುತ್ತವೆ. ತಂಪು ನೀರು ಹರಿಯುವ ಒಳಅಂಗಿಗಳನ್ನೂ ಮಾಡಿದ್ದಾರೆ. ಗಾಡಿ, ಹೆಲಿಕಾಪ್ಟರ್‌ನವರಿಗೆ ಸರಿ. ನಡೆಯುವವನು ಪಂಪು, ಬ್ಯಾಟರಿ ಹೊರಬೇಕು, ಮತ್ತೆ ತೂಕ.

ಸೊಂಟದ ಕೆಳಗೆ ರಕ್ಷಣೆಯೇ ಇಲ್ಲವಾ?

ಅಫ್ಘಾನಿಸ್ತಾನದಲ್ಲಿ ನೆಲದಲ್ಲಿ ಹೂತ ಬಾಂಬ್‌ಗಳು ಈ ಪ್ರಶ್ನೆ ಎತ್ತಿದವು. ಕಾಲು ಹೋಗುವುದರ ಜೊತೆ ತೊಡೆಸಂದಿಯ ಗಾಯದ ಭಯವೇ ಸೈನಿಕರಿಗೆ ಜಾಸ್ತಿ ಇತ್ತು. 2010-11ರ ಹೊತ್ತಿಗೆ ಬ್ರಿಟನ್ ತನ್ನವರಿಗೆ ಎರಡು ಪದರದ ಉಪಾಯ ಕೊಟ್ಟಿತು. ಒಳಗೆ ರೇಷ್ಮೆಯ ಚಡ್ಡಿ, ಹೊರಗೆ ಬೇಕಾದಾಗ ಕಟ್ಟಿಕೊಳ್ಳುವ ಮೆತ್ತನೆಯ ಕವಚ. ರೇಷ್ಮೆ ಚಡ್ಡಿ ದೊಡ್ಡ ಚೂರನ್ನು ತಡೆಯುವುದಿಲ್ಲ. ಸ್ಫೋಟದಲ್ಲಿ ಹಾರುವ ಮರಳು, ಕಲ್ಲುಪುಡಿ ಗಾಯದೊಳಗೆ ಸೇರದ ಹಾಗೆ ನೋಡಿಕೊಳ್ಳುತ್ತದೆ. ಗಾಯ ಕೀವಾಗುವುದು ಕಡಿಮೆಯಾದರೆ ಶಸ್ತ್ರಚಿಕಿತ್ಸೆ ಮಾಡುವವರ ಅರ್ಧ ಹೋರಾಟ ಮುಗಿದ ಹಾಗೆ. ಹಳೆಯ ವಸ್ತುವಿಗೆ ಹೀಗೆ ಹೊಸ ಕೆಲಸ ಸಿಕ್ಕಿತು. ಅಂದ ಹಾಗೆ, 1890ರ ದಶಕದಲ್ಲಿ ಷಿಕಾಗೋದ ಪಾದ್ರಿ ಕಾಸಿಮಿರ್ ಜೆಗ್ಲೆನ್ ರೇಷ್ಮೆಯಲ್ಲೇ ಗುಂಡು ತಡೆಯುವ ಜಾಕೆಟ್ ಹೆಣೆದಿದ್ದರು.

ಮಹಿಳಾ ಸೈನಿಕರಿಗೆ ಬೇರೆ ಕವಚ ಇದೆಯೇ?

ತುಂಬಾ ತಡವಾಗಿ ಬಂತು. ಗಂಡಸರ ಅಳತೆಯ ಜಾಕೆಟ್ಟಿನ ಚಿಕ್ಕ ಸೈಜ್ ಕೊಟ್ಟು ಸುಮ್ಮನಾಗುತ್ತಿದ್ದರು. ಕುಳಿತರೆ ಪ್ಲೇಟ್ ತೊಡೆಗೆ ಒತ್ತುತ್ತಿತ್ತು, ಕಾಲರ್ ಕತ್ತಿಗೆ ಕುತ್ತುತ್ತಿತ್ತು, ಬದಿಗಳಲ್ಲಿ ಸಂದು ಉಳಿಯುತ್ತಿತ್ತು, ಬಂದೂಕನ್ನು ಭುಜಕ್ಕೆ ಸರಿಯಾಗಿ ಒರಗಿಸಲು ಆಗುತ್ತಿರಲಿಲ್ಲ. ಅಮೆರಿಕದ ಸೇನೆ 2012-13ರಲ್ಲಿ ಹೆಣ್ಣುಮಕ್ಕಳ ಮೈಗೆ ಹೊಂದುವ ಜಾಕೆಟ್ ತಂದಿತು. ಮುಂಡ ಗಿಡ್ಡ, ಭುಜ ಕಿರಿದು, ತುರುಬು ಕಟ್ಟಿದ ತಲೆಯ ಮೇಲೆ ಹೆಲ್ಮೆಟ್ ಕೂರಲು ಹಿಂದೆ ಜಾಗ. ಇದರಿಂದ ಕುಳ್ಳಗಿನ ಗಂಡಸರಿಗೂ ಅನುಕೂಲವಾಯಿತು. ಮೈಗೆ ಕೂರದ ಕವಚ ಎಷ್ಟು ಗಟ್ಟಿಯಾಗಿದ್ದರೂ ಅದರಲ್ಲಿ ತೂತು ಇದ್ದಂತೆಯೇ.

ಕಣ್ಣು, ಕಿವಿಗೆ?

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ. ಸಣ್ಣ ಚೂರು ಸೆಕೆಂಡಿಗೆ ಸುಮಾರು 200 ಮೀ. ವೇಗದಲ್ಲಿ ಬಂದರೂ ತಡೆಯಬೇಕು ಅನ್ನುವ ನಿಯಮವಿದೆ. ಬೆಲೆ ಕಡಿಮೆ, ತೂಕ ಇಲ್ಲವೆಂದೇ ಹೇಳಬೇಕು. ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಡುವ ಸಲಕರಣೆ ಬೇರೊಂದಿಲ್ಲ.

ಕಿವಿಯ ವಿಷಯ ಕಡೆಗಣಿಸುವವರೇ ಹೆಚ್ಚು. ರೈಫಲ್ ಸದ್ದು 155ರಿಂದ 165 ಡೆಸಿಬೆಲ್. ಹೊಡೆತದ ಸದ್ದಿಗೆ 140ರ ಮೇಲೆ ಅಪಾಯ ಅನ್ನುತ್ತಾರೆ. ಕಿವಿಗೆ ಬೆಣೆ ಹಾಕಿದರೆ ಪಕ್ಕದವನ ಮಾತು ಕೇಳುವುದಿಲ್ಲ, ಹಾಗಾಗಿ ಸೈನಿಕರು ತೆಗೆದುಬಿಡುತ್ತಿದ್ದರು. ಎಲೆಕ್ಟ್ರಾನಿಕ್ ಹೆಡ್‌ಸೆಟ್ ಪಿಸುಮಾತನ್ನು ಜೋರಾಗಿ ಕೇಳಿಸಿ, ಗುಂಡಿನ ಸದ್ದನ್ನು ಅಡಗಿಸುತ್ತದೆ. ಅದು ಬಂದ ಮೇಲೆ ತೆಗೆಯುವ ನೆಪ ಹೋಯಿತು.

ಕವಚ ಹಳೆಯದಾಗುತ್ತದಾ?

ಆಗುತ್ತದೆ. ಕೆವ್ಲಾರಿಗೆ ಬಿಸಿಲು, ತೇವ ಆಗಿಬರುವುದಿಲ್ಲ. ಅದಕ್ಕೇ ಅದನ್ನು ನೀರು, ಬೆಳಕು ಹೋಗದ ಹೊದಿಕೆಯಲ್ಲಿ ಮುಚ್ಚಿರುತ್ತಾರೆ. ಹೊದಿಕೆ ಹರಿದರೆ ಒಳಗಿನದ್ದರ ಮೇಲೆ ಭರವಸೆ ಇಡಬೇಡಿ. ಹೆಚ್ಚಿನ ಜಾಕೆಟ್‌ಗಳಿಗೆ 5 ವರ್ಷದ ಗ್ಯಾರಂಟಿ.

ಇದರ ಕಹಿ ಪಾಠ ಕಲಿಸಿದ್ದು ಜೈಲಾನ್ ನೂಲು. ಕೆವ್ಲಾರಿಗಿಂತ ಗಟ್ಟಿ, ಹಗುರ ಅಂತ 1990ರ ದಶಕದ ಕೊನೆಗೆ ಎಲ್ಲರೂ ಹೊಗಳಿದರು. 2003ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಜಾಕೆಟ್ ತಡೆಯಬೇಕಾಗಿದ್ದ ಗುಂಡೇ ಒಳಗೆ ಹೋಯಿತು. ತೇವ ಮತ್ತು ಬೆಳಕಿಗೆ ನೂಲು ಬೇಗ ಸೊರಗುತ್ತದೆ ಅಂತ ಗೊತ್ತಾಗಿ 2005ರಲ್ಲಿ ಮಾನ್ಯತೆ ಹೋಯಿತು.

ಸೆರಾಮಿಕ್ ಪ್ಲೇಟಿನ ಬಿರುಕು ಹೊರಗಿನಿಂದ ಕಾಣುವುದಿಲ್ಲ. ನೆಲಕ್ಕೆ ಬಿದ್ದ, ಗಾಡಿಯಿಂದ ಎಸೆದ ಪ್ಲೇಟುಗಳನ್ನು ಸೇನೆಗಳು ಎಕ್ಸ್‌ರೇ ಮಾಡಿ ನೋಡುತ್ತವೆ. ಸಾಮಾನು ಇಳಿಸುವಾಗ ಕವಚವನ್ನು ದೊಪ್ಪನೆ ಎಸೆಯುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ.

ದ್ರವ ಕವಚ, ಜೇಡರೇಷ್ಮೆ, ಯಂತ್ರದ ಉಡುಪು ಅಂತೆಲ್ಲ ಸುದ್ದಿ ಬರುತ್ತಿರುತ್ತದಲ್ಲ?

ಬರುತ್ತಲೇ ಇರುತ್ತದೆ. ದ್ರವ ಕವಚ ಅಂದರೆ ಸಿಲಿಕಾದ ಅತಿ ಸಣ್ಣ ಕಣಗಳನ್ನು ಬೆರೆಸಿದ ದ್ರವದಲ್ಲಿ ಕೆವ್ಲಾರ್ ನೆನೆಸುವುದು. ನಿಧಾನ ಒತ್ತಿದರೆ ಹರಿಯುತ್ತದೆ, ಜೋರಾಗಿ ಹೊಡೆದರೆ ಗಟ್ಟಿಯಾಗುತ್ತದೆ. ಡೆಲವೇರ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಸೇನಾ ಪ್ರಯೋಗಾಲಯ 2000ರ ದಶಕದ ಶುರುವಿನಲ್ಲೇ ಇದನ್ನು ತೋರಿಸಿದವು. ಚಾಕು, ಸೂಜಿಯ ಇರಿತಕ್ಕೆ ಚೆನ್ನಾಗಿದೆ. ರೈಫಲ್ ಪ್ಲೇಟಿನ ಜಾಗ ಇನ್ನೂ ಹಿಡಿದಿಲ್ಲ. ಜೇಡರೇಷ್ಮೆಯ ಕಥೆಯೂ ಹೆಚ್ಚುಕಡಿಮೆ ಅದೇ.

2013ರಲ್ಲಿ ಅಮೆರಿಕದ ವಿಶೇಷ ಪಡೆ ಟ್ಯಾಲೋಸ್ ಅನ್ನುವ ಯೋಜನೆ ಶುರುಮಾಡಿತು. ಮೈಪೂರ್ತಿ ಕವಚ, ಭಾರ ಹೊರಲು ಯಂತ್ರದ ಕಾಲು, ಕಣ್ಣೆದುರು ಪರದೆ. 2019ರಲ್ಲಿ ಕೈಬಿಟ್ಟರು. ಮಾಡಿದ ಮಾದರಿ ಕಾಳಗಕ್ಕೆ ಒಗ್ಗಲಿಲ್ಲ. ವಿದ್ಯುತ್ ಎಲ್ಲಿಂದ, ಮೋಟಾರು ಕೈಕೊಟ್ಟರೆ ಆ ಕಬ್ಬಿಣದೊಳಗೆ ಸಿಕ್ಕಿಕೊಂಡವನ ಗತಿ ಏನು, ಈ ಎರಡಕ್ಕೆ ಉತ್ತರ ಸಿಗದೆ ಇಂಥ ಉಡುಪು ಮುಂದೆ ಹೋಗುವುದಿಲ್ಲ.

ಡ್ರ್ಯಾಗನ್ ಸ್ಕಿನ್ ನೆನಪಿದೆಯಾ? ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತ ಸೆರಾಮಿಕ್ ಬಿಲ್ಲೆಗಳ ಜಾಕೆಟ್. ಟಿವಿಯಲ್ಲಿ ಗುಂಡು ಮೇಲೆ ಗುಂಡು ತಡೆದು ಭಾರಿ ಹೆಸರು ಮಾಡಿತು. 2006ರ ಸೇನಾ ಪರೀಕ್ಷೆಯಲ್ಲಿ ಜಾಕೆಟ್ ಕಾಯಿಸಿದಾಗ ಅಂಟು ಸಡಿಲವಾಗಿ ಬಿಲ್ಲೆಗಳು ಜಾರಿದವು. ತೂಕವೂ ಜಾಸ್ತಿ ಇತ್ತು. ಸೇನೆ ಬೇಡ ಅಂದಿತು.

ಗಾಯವಾದಾಗ ಇಷ್ಟೆಲ್ಲ ಬಿಚ್ಚುವುದು ಹೇಗೆ?

ಮುಂದೆ ಎದೆಯ ಹತ್ತಿರ ಒಂದು ಹಿಡಿಕೆ ಇರುತ್ತದೆ. ಜಗ್ಗಿದರೆ ಒಳಗೆ ಹಾಯ್ದಿರುವ ತೆಳು ತಂತಿ ಕುಣಿಕೆಗಳಿಂದ ಹೊರಬರುತ್ತದೆ, ಭುಜ ಮತ್ತು ಬದಿಯ ಜೋಡಣೆಗಳು ಒಟ್ಟಿಗೆ ಕಳಚಿ ಜಾಕೆಟ್ ತುಂಡು ತುಂಡಾಗಿ ಕೆಳಗೆ ಬೀಳುತ್ತದೆ. ನೀರಿಗೆ ಬಿದ್ದವನಿಗೆ, ಉರಿಯುವ ಗಾಡಿಯಲ್ಲಿ ಸಿಕ್ಕಿಕೊಂಡವನಿಗೆ, ರಕ್ತ ಎಲ್ಲಿಂದ ಹರಿಯುತ್ತಿದೆ ಅಂತ ಹುಡುಕುವ ವೈದ್ಯ ಸಹಾಯಕನಿಗೆ ಇದು ಜೀವದ ಕೀಲಿ. ತಂತಿ ಮರಳಿ ಪೋಣಿಸುವುದು ಮಾತ್ರ ತಾಳ್ಮೆ ಪರೀಕ್ಷೆ. ಅದಕ್ಕೇ ಹೊಸ ಜಾಕೆಟ್‌ಗಳಲ್ಲಿ ಒತ್ತಿದರೆ ಬಿಡುವ ಬಕಲ್ ಬಂದಿವೆ.

ಕವಚ ಗಟ್ಟಿಯಾದರೆ ಗುಂಡೂ ಗಟ್ಟಿಯಾಗಲ್ವಾ?

ಆಗಿದೆ. 2022ರಲ್ಲಿ ಅಮೆರಿಕದ ಸೇನೆ 6.8 ಮಿ.ಮೀ. ಗುಂಡಿನ ಹೊಸ ರೈಫಲ್ ಆರಿಸಿಕೊಂಡಿತು. ಈಗಿನ 5.56 ಗುಂಡು ಎದುರಾಳಿಯ ಹೊಸ ಪ್ಲೇಟುಗಳನ್ನು ದಾಟುವುದು ಕಷ್ಟ ಅನ್ನುವುದೇ ಅದಕ್ಕೆ ಮುಖ್ಯ ಕಾರಣ. ಆ ಗುಂಡು, ರೈಫಲ್ ಎರಡೂ ಹಳೆಯದಕ್ಕಿಂತ ಭಾರ. ಅಂದರೆ ಎದುರಾಳಿ ಪ್ಲೇಟ್ ತೊಟ್ಟರೆ ನಿಮ್ಮ ಹೊರೆಯೂ ಏರುತ್ತದೆ.

ಡ್ರೋನ್ ಬಂದ ಮೇಲೆ ಏನು ಬದಲಾಗಿದೆ?

ಉಕ್ರೇನ್ ಯುದ್ಧದಲ್ಲಿ ಚೂರು ಮತ್ತೆ ಮೊದಲ ಶತ್ರುವಾಗಿದೆ. ಡ್ರೋನ್ ಗ್ರೆನೇಡ್ ಹಾಕುವುದು ನೆತ್ತಿಯ ಮೇಲಿಂದ. ಎದೆ, ಬೆನ್ನಿನ ಪ್ಲೇಟ್ ಮುಂದಿನಿಂದ, ಹಿಂದಿನಿಂದ ಬರುವ ಗುಂಡಿಗೆ ಮಾಡಿದ್ದು. ಭುಜ, ಕುತ್ತಿಗೆ, ತೋಳು, ತೊಡೆ ಬಯಲು. ಇರಾಕ್ ಬಳಿಕ ಭಾರ ಅಂತ ಕಳಚಿಟ್ಟ ಭುಜಕವಚ, ಕುತ್ತಿಗೆಪಟ್ಟಿಗಳನ್ನು ಈಗ ಕಂದಕದಲ್ಲಿ ಕೂರುವವರು ಮತ್ತೆ ಹಾಕಿಕೊಳ್ಳುತ್ತಿದ್ದಾರೆ. ಮೈಯ ಶಾಖ ಮರೆಮಾಡುವ ಹೊದಿಕೆಗಳೂ ಬಳಕೆಗೆ ಬಂದಿವೆ. ಥರ್ಮಲ್ ಕ್ಯಾಮೆರಾಗೆ ಸೈನಿಕ ಕಾಣದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಹೊದ್ದು ಸ್ವಲ್ಪ ಹೊತ್ತಾದರೆ ಹೊದಿಕೆಯೇ ಮೈಶಾಖಕ್ಕೆ ಬಿಸಿಯಾಗಿ ಕ್ಯಾಮೆರಾದಲ್ಲಿ ಕಾಣತೊಡಗುತ್ತದೆ, ಸುತ್ತಲಿನ ನೆಲಕ್ಕಿಂತ ತಣ್ಣಗಿದ್ದರೂ ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ. ಹಾಗಾಗಿ ಅದನ್ನು ಮೈಗೆ ಅಂಟದ ಹಾಗೆ, ನಡುವೆ ಗಾಳಿ ಆಡುವಂತೆ ಹೊದ್ದುಕೊಳ್ಳಬೇಕು.